ಗುಡ್ಡದ ಬೆನ್ನೇರುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ದೀಪಾವಳಿ ಮುಗಿದು ಬಿಸಿಲು ಹದಕ್ಕೆ ಬಂತೆಂದರೆ ನಮ್ಮ ಕಡೆ ಗುಡ್ಡ ಏರುವ ಕಾಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ ಮಾತು: ನನಗೆ ರೂಢಿ ಇದೆ, ಜೊತೆಗೆ ಬರುವವರಿಗೆ ಇಲ್ಲ, ಹೇಗೆ ಕರೆದೊಯ್ಯಲಿ? ಇಲ್ಲಿ ಹೇಳುತ್ತಿರುವುದು ಕಾಲುದಾರಿಯ ಚಾರಣವಲ್ಲ, ಬೋಲ್ಟ್ ಹೊಡೆದ ನೇರ ಗೋಡೆ ಹತ್ತುವುದೂ ಅಲ್ಲ. ಎರಡೂ ಕಡೆ ಇಳಿಜಾರಿದ್ದು ನಡುವೆ ಬೆನ್ನೆಲುಬಿನ ಹಾಗೆ ಎದ್ದ ಬಂಡೆಸಾಲಿನ ಮೇಲೆ, ಕಾಲಿನ ಜೊತೆ ಕೈಯನ್ನೂ ಊರಿಕೊಂಡು ಸಾಗುವುದು. ಸ್ಕ್ರ್ಯಾಂಬ್ಲಿಂಗ್ ಎನ್ನುವುದು ಇದಕ್ಕೇ.

ಗೆಳೆಯ ಪೂರಾ ಹೊಸಬ. ನನಗೆ ಮೂರು ವರ್ಷದ ರೂಢಿ. ಇಬ್ಬರೇ ಹೋಗುತ್ತೇವೆ. ಯಾರು ಮುಂದೆ, ಯಾರು ಹಿಂದೆ ಇರಬೇಕು?
ಬಾಗಲಕೋಟೆಯ ಓದುಗರು

ಹಗ್ಗ ಇದೆಯೋ ಇಲ್ಲವೋ ಎಂಬುದರ ಮೇಲೆ ಉತ್ತರ ತಲೆಕೆಳಗಾಗುತ್ತದೆ.

ಹಗ್ಗವಿಲ್ಲದ ಸುಲಭದ ಜಾಗದಲ್ಲಿ ಏರುವಾಗ ಗೆಳೆಯ ಮೇಲೆ, ನೀವು ಕೆಳಗೆ. ಅವನ ಬೂಟು ನಿಮ್ಮ ಕೈಗೆ ಸಿಗುವಷ್ಟು ಹತ್ತಿರ, ಆದರೆ ನೇರ ಕೆಳಗಲ್ಲ, ಒಂದು ಮಗ್ಗುಲಿಗೆ. ಹೊಸಬರು ಕೈಗೆ ಹಿಡಿತ ಹುಡುಕುತ್ತ ಕಾಲನ್ನು ಮರೆಯುತ್ತಾರೆ. ಆ ಕಾಲಿಗೆ ಮೆಟ್ಟು ತೋರಿಸುವುದೇ ನಿಮ್ಮ ಕೆಲಸ. ಇಳಿಯುವಾಗಲೂ ನೀವೇ ಕೆಳಗೆ, ಅಂದರೆ ನೀವೇ ಮೊದಲು. ಕೆಳಗೆ ಸಮತಟ್ಟಾದ ನೆಲವಿದ್ದು, ಎತ್ತರ ಒಂದಾಳು ಮೀರದಿದ್ದರೆ ಎರಡೂ ಕೈ ಎತ್ತಿ ಅವನ ಸೊಂಟದ ಹತ್ತಿರ ಹಿಡಿಯಬಹುದು. ಬಿದ್ದವನನ್ನು ಎತ್ತಿಕೊಳ್ಳಲಿಕ್ಕಲ್ಲ, ಕಾಲೂರಿ ಬೀಳುವಂತೆ ತಿರುಗಿಸಲಿಕ್ಕೆ. ನಿಂತ ಕಟ್ಟೆ ಒಂದೇ ಮಾರು ಅಗಲವಿದ್ದು ಅದರಾಚೆ ಕಮರಿ ಇದ್ದರೆ ಕೆಳಗೆ ನಿಲ್ಲಲೇಬೇಡಿ. ಅವನು ಜಾರಿದರೆ ನಿಮ್ಮನ್ನೂ ತಳ್ಳಿಕೊಂಡೇ ಹೋಗುತ್ತಾನೆ. ಅಂಥ ಜಾಗ ಹಗ್ಗದ್ದು.

ಹಗ್ಗ ಕಟ್ಟಿದ ಮೇಲೆ ಸರದಿ ತಿರುಗುತ್ತದೆ. ಏರುವಾಗ ನೀವು ಮೊದಲು ಮೇಲೆ ಹೋಗಿ, ಅಲ್ಲಿಂದ ಹಗ್ಗ ಹಿಡಿದು ಅವನನ್ನು ಬರಮಾಡಿಕೊಳ್ಳಬೇಕು. ಇಳಿಯುವಾಗ ಅವನು ಮೊದಲು, ನೀವು ಮೇಲೆ ಕುಳಿತು ಹಗ್ಗ ಬಿಡುತ್ತ ಹೋಗಬೇಕು, ಕೊನೆಗೆ ನೀವು. ಹುಳುಕು ಇರುವುದು ಇಲ್ಲೇ. ಕೊನೆಯವನಿಗೆ ಮೇಲಿನಿಂದ ಹಗ್ಗ ಹಿಡಿಯುವವರು ಯಾರೂ ಇಲ್ಲ. ದಾರಿ ಆರಿಸುವಾಗ ರೂಢಿ ಇದ್ದವರು "ಇವನನ್ನು ಹೇಗಾದರೂ ಹತ್ತಿಸಬಹುದು" ಎಂದು ಲೆಕ್ಕ ಹಾಕುತ್ತಾರೆ. ಹಾಕಬೇಕಾದ ಲೆಕ್ಕ ಬೇರೆ: ಸಂಜೆ ನಾಲ್ಕಕ್ಕೆ, ದಣಿದ ಕಾಲಿನಲ್ಲಿ, ಹಗ್ಗದ ಆಸರೆ ಇಲ್ಲದೆ ಈ ತುಂಡನ್ನು ನಾನು ಇಳಿಯಬಲ್ಲೆನೇ? ಅನುಮಾನ ಬಂದರೆ ಆ ದಾರಿ ಬಿಡಿ. ಗೆಳೆಯ ಎಷ್ಟೇ ಚುರುಕಿದ್ದರೂ ಅದರಿಂದ ನಿಮಗೆ ಲಾಭವಿಲ್ಲ.

ಹೊರಡುವ ಮುನ್ನ ಗುಡ್ಡದ ಬುಡದಲ್ಲಿ ಆಳೆತ್ತರದ ಒಂದು ಬಂಡೆ ಹುಡುಕಿ ಅವನಿಂದ ಐದು ಸಲ ಹತ್ತಿಸಿ, ಐದು ಸಲ ಇಳಿಸಿ. ಮೂರು ಕೈಕಾಲು ಊರಿಯೇ ಇರಬೇಕು, ಒಂದು ಮಾತ್ರ ಆಡಬೇಕು. ಮೊಣಕಾಲು ಊರಬಾರದು, ಊರಿದವನು ಮತ್ತೆ ಪಾದದ ಮೇಲೆ ಏಳಲು ಒದ್ದಾಡುತ್ತಾನೆ. ಹತ್ತುವುದನ್ನು ಬಹಳ ನೋಡಬೇಡಿ, ಎಲ್ಲರೂ ಹತ್ತುತ್ತಾರೆ. ಬಂಡೆಗೆ ಮುಖ ಮಾಡಿ, ಕಾಲಿನ ನಡುವೆ ಕೆಳಗೆ ನೋಡುತ್ತ, ಮೆಟ್ಟು ಹುಡುಕಿ ಇಳಿಯುತ್ತಾನೆಯೇ ನೋಡಿ. ಐದನೆಯ ಸಲವೂ ಜಿಗಿದೇ ಇಳಿದರೆ ಅಂದಿನ ಮಟ್ಟಿಗೆ ಕಾಲುದಾರಿಯೇ ಸರಿ.

ಮನೆಯಲ್ಲಿ ಟ್ರ್ಯಾಕ್ಟರ್ ಹೇರಿಗೆ ಕಟ್ಟುವ ಹೊಸ ಪ್ಲಾಸ್ಟಿಕ್ ಹಗ್ಗ 20 ಮೀಟರ್ ಇದೆ, ಬಹಳ ಗಟ್ಟಿ. ಇಬ್ಬರೂ ಸೊಂಟಕ್ಕೆ ಕಟ್ಟಿಕೊಂಡು ನಡೆದರೆ ಸಾಕಲ್ಲವೇ?
ಗೋಕಾಕದ ಓದುಗರು

ಹಗ್ಗವೂ ಬೇಡ, ಆ ರೀತಿಯೂ ಬೇಡ.

ಹೇರಿನ ಹಗ್ಗ ಗಟ್ಟಿಯೇ, ಆದರೆ ಹಿಗ್ಗುವುದಿಲ್ಲ. ಬಿದ್ದವನ ಪೂರಾ ಹೊಡೆತ ಒಂದೇ ಗಳಿಗೆಯಲ್ಲಿ ಅವನ ಸೊಂಟಕ್ಕೂ ನೀವು ಹಗ್ಗ ಸಿಕ್ಕಿಸಿದ ಕಲ್ಲಿಗೂ ಬೀಳುತ್ತದೆ. ಉಜ್ಜಿದರೆ ಕಾವಿಗೆ ಕರಗುವ ಗುಣ ಬೇರೆ. ಬಂಡೆ ಏರಲು ಡೈನಮಿಕ್ ಹಗ್ಗ ಬೇಕು. ಅದು ಹಿಗ್ಗಿ ಹೊಡೆತವನ್ನು ನುಂಗುತ್ತದೆ. ಅದರ ಪಟ್ಟಿಯ ಮೇಲೆ ಇಎನ್ 892 (ಐರೋಪ್ಯ ಮಾನದಂಡ) ಅಥವಾ ಯುಐಎಎ (ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟ) ಗುರುತು ಇರುತ್ತದೆ. ಇಂಥ ಏರಿಗೆ 9ರಿಂದ 10 ಮಿಲಿಮೀಟರ್ ದಪ್ಪದ, 'ಸಿಂಗಲ್' (ಒಂದೇ ಎಳೆಯಾಗಿ ಬಳಸುವಂಥದ್ದು) ಎಂದು ಗುರುತಿರುವ 30 ಮೀಟರ್ ಸಾಕು. ಮೀಟರಿಗೆ ಸುಮಾರು 60 ಗ್ರಾಂ ಹಿಡಿದರೂ ಎರಡು ಕಿಲೋ ಒಳಗೇ. ಜೊತೆಗೆ ಇಬ್ಬರಿಗೂ ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ), ಹೆಲ್ಮೆಟ್. ತಿರುಪಿನ ಕ್ಯಾರಬೈನರ್ (ಬಾಯಿ ತಿರುಪಿನಿಂದ ಮುಚ್ಚುವ ಲೋಹದ ಕೊಂಡಿ) ನಾಲ್ಕು, ಅದರಲ್ಲಿ ಎರಡು ಮರಸೇಬಿನ (ಪಿಯರ್ ಹಣ್ಣಿನ) ಆಕಾರದ ಅಗಲ ಬಾಯಿಯವು. ಹೊಲಿದ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) 120 ಸೆಂಟಿಮೀಟರಿನವು ಮೂರು, 240ರದು ಒಂದು. ಯಾರೋ ಬಳಸಿ ಬಿಟ್ಟ ಹಗ್ಗ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಒಳಗಿನ ಎಳೆಗೆ ಏನಾಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಇನ್ನು ಇಬ್ಬರೂ ಕಟ್ಟಿಕೊಂಡು ಒಟ್ಟಿಗೇ ನಡೆಯುವುದು. ನೋಡುವವರಿಗೆ ಇದು ಭದ್ರ ಅನಿಸುತ್ತದೆ, ಹಗ್ಗವಿಲ್ಲದ್ದಕ್ಕಿಂತ ಅಪಾಯ ಇದೇ. ಹಗ್ಗ ಎಲ್ಲಿಯೂ ಕಲ್ಲಿಗೆ ಸಿಕ್ಕಿಲ್ಲ, ಒಬ್ಬ ಜಾರಿದ, ಇನ್ನೊಬ್ಬ ಹೆಜ್ಜೆ ಎತ್ತಿದ್ದ, ಅಷ್ಟೇ ಸಾಕು. ತಯಾರಿ ಇಲ್ಲದೆ ನಿಂತವನ ಸೊಂಟಕ್ಕೆ ಬಿದ್ದ ಜಗ್ಗು ತಡೆಯಲಾಗದ್ದು. ಎರಡು ಮೂರು ಮೀಟರ್ ಹಗ್ಗ ಬಿಟ್ಟು, ಉಳಿದದ್ದನ್ನು ಸುತ್ತಿ ಕೈಯಲ್ಲಿ ಹಿಡಿದು ಹೊಸಬರನ್ನು ನಡೆಸುವ ಪದ್ಧತಿ ಆಲ್ಪ್ಸ್ ಪರ್ವತದ ಗೈಡುಗಳಲ್ಲಿದೆ. ಅವರು ಮುಗ್ಗರಿಸುವ ಮೊದಲ ಗಳಿಗೆಯಲ್ಲೇ ಹಗ್ಗ ಬಿಗಿದು ನಿಲ್ಲಿಸುತ್ತಾರೆ, ಬೀಳಲು ಬಿಡುವುದೇ ಇಲ್ಲ. ವರ್ಷಗಟ್ಟಲೆ ಅದನ್ನೇ ಮಾಡುವವರ ಕೈಚಳಕ ಅದು. ನೋಡಿ ಕಲಿಯುವಂಥದ್ದಲ್ಲ.

ನಿಮ್ಮಂಥವರಿಗೆ ಇರುವುದು ನಿಧಾನದ ದಾರಿ. ಕಡಿದಾದ ತುಂಡು ಬಂದಾಗ ಗೆಳೆಯನನ್ನು ಬುಡದಲ್ಲಿ ಅಗಲ ಜಾಗ ನೋಡಿ ಕೂರಿಸಿ. ಹಗ್ಗದ ತುದಿಯನ್ನು ಅವನ ಹಾರ್ನೆಸ್ಸಿಗೆ ಎಂಟರ (8ರ ಆಕಾರದ) ಗಂಟಿನಿಂದ ಕಟ್ಟಿ, ಬಾಲ 10 ಸೆಂಟಿಮೀಟರಿಗೆ ಕಡಿಮೆ ಇಲ್ಲದಂತೆ ಬಿಟ್ಟು, ನೀವೇ ಎಳೆದು ನೋಡಿ. ಇನ್ನೊಂದು ತುದಿ ಕಟ್ಟಿಕೊಂಡು ನೀವು ಏರಿ. ಮೇಲೆ ಮೊದಲು ಬೇಕಾದದ್ದು ಬಂಡೆಯ ಒಂದು ಕೊಂಬು, ಗುಡ್ಡದ ಮೈಯಿಂದಲೇ ಎದ್ದದ್ದು, ನಿಮ್ಮ ಸೊಂಟಕ್ಕಿಂತ ದಪ್ಪ. ಅಂಗೈಯಿಂದ ಬಡಿದು ನೋಡಿ. ಕೈ ನೋಯುವಷ್ಟು ಗಟ್ಟಿ ಸದ್ದು ಬಂದರೆ ಸರಿ. ಖಾಲಿ ಕೊಡದಂತೆ ಡಬ್ ಎಂದರೆ ಹಿಂದೆ ಬಿರುಕಿದೆ, ಬಿಡಿ. ಆಮೇಲೆ ಕಾಲಿನಿಂದ ಒದ್ದು, ಬುಡದಲ್ಲಿ ಸುತ್ತ ಕೈಯಾಡಿಸಿ ಬಿರುಕು ಹುಡುಕಿ. ಸ್ಲಿಂಗನ್ನು ಕೊಂಬಿನ ತುದಿಗಲ್ಲ, ಬುಡಕ್ಕೆ ಹಾಕಬೇಕು. ತುದಿಗೆ ಹಾಕಿದರೆ ಸನ್ನೆಕೋಲಿನಿಂದ ಮೀಟಿದ ಹಾಗಾಗುತ್ತದೆ. ಕೆಳಗಿನಿಂದ ಜಗ್ಗಿದಾಗ ಸ್ಲಿಂಗ್ ಇನ್ನಷ್ಟು ಕೂರಬೇಕು, ಮೇಲೆದ್ದು ಕಳಚಬಾರದು. ಅದಕ್ಕೆ ತಿರುಪಿನ ಕ್ಯಾರಬೈನರ್, ಅದರಲ್ಲಿ ಇಟಾಲಿಯನ್ ಹಿಚ್ ಗಂಟು, ಬಿಡಿ ತುದಿ ಹಿಡಿದರೆ ಹಗ್ಗ ನಿಲ್ಲಿಸುವಂಥದ್ದು. ನೀವೂ ಅದೇ ಕೊಂಬಿಗೆ ಬೇರೆ ಸ್ಲಿಂಗಿನಿಂದ ಕಟ್ಟಿಕೊಳ್ಳಿ. ಸಡಿಲ ಹಗ್ಗ ಪೂರಾ ಎಳೆದುಕೊಂಡ ಮೇಲೆ, ಕೆಳಗಿನಿಂದ "ಬಿಗಿ ಆಯ್ತು" ಎಂಬ ಕೂಗು ಬಂದ ಮೇಲೆ, "ಏರು" ಎನ್ನಿ. ಹೀಗೆ ಮೇಲಿನಿಂದ ಹಿಡಿಯುವುದಕ್ಕೆ ಬಿಲೇ ಎನ್ನುತ್ತಾರೆ. ಹಗ್ಗದ ಬಿಡಿ ತುದಿ ಹಿಡಿದ ಕೈಯನ್ನು ಅವನು ನಿಮ್ಮ ಪಕ್ಕ ಬಂದು ಕೂರುವವರೆಗೆ ಬಿಡುವಂತಿಲ್ಲ. ಮೂಗು ತುರಿಸಿದರೂ.

ಹಗ್ಗ ಕಲ್ಲಿನ ಅಂಚಿಗೆ ತಾಗುವ ಕಡೆ ಹಳೆ ಜೀನ್ಸಿನ ತುಂಡು ಹಾಸಿ. ಅಂಚಿನ ಮೇಲೆ ಭಾರ ಹೊತ್ತು ಅಡ್ಡಡ್ಡ ಸರಿದಾಡಿದ ಹಗ್ಗ ಗರಗಸಕ್ಕೆ ಕೊಟ್ಟಂತೆ. ಕೊಂಬೇ ಸಿಗದಿದ್ದರೆ ಆ ಜಾಗ ನಿಮಗಲ್ಲ. ಇದಿಷ್ಟನ್ನೂ ತರಬೇತಾದವರ ಎದುರು ನೆಲದ ಮೇಲೆ ಕೈ ಕೂರುವವರೆಗೆ ಮಾಡಿದ ನಂತರವೇ ಗುಡ್ಡಕ್ಕೆ ಹೋಗಬೇಕು.

ಹ್ವಾದ ಸಲ ಗುಡ್ಡದ ನಡಕ ನಮ್ಮ ಅಳಿಯನ ಕಾಲು ಗಡಗಡ ನಡಗಾಕ ಹತ್ತಿದ್ವು. ಮ್ಯಾಲೂ ಹೋಗವಲ್ಲ, ತೆಳಗೂ ಇಳಿಯವಲ್ಲ. "ತೆಳಗ ನೋಡಬ್ಯಾಡೋ" ಅಂತ ಒದರಿದ್ರೂ ಉಪಯೋಗ ಆಗ್ಲಿಲ್ಲ. ಏನ್ ಮಾಡಬೇಕಿತ್ತು?
ಸವದತ್ತಿಯ ಓದುಗರು

ಒದರಬಾರದಿತ್ತು. ಅದೂ "ತೆಳಗ ನೋಡಬ್ಯಾಡ" ಎಂದು! ಕಾಲಿಡುವ ಮೆಟ್ಟು ಇರುವುದೇ ಕೆಳಗೆ.

ಕಾಲು ನಡುಗುವುದು ಹೆದರಿಕೆಯೊಂದರಿಂದಲೇ ಅಲ್ಲ. ಬೆರಳ ತುದಿಯ ಮೇಲೆ ನಿಂತು, ಮೊಣಕಾಲು ಅರ್ಧ ಮಡಚಿಕೊಂಡು ಒಂದೆರಡು ನಿಮಿಷ ಕಳೆದರೆ ಮೀನಖಂಡ ಸೋತು ತಾನೇ ಕುಣಿಯತೊಡಗುತ್ತದೆ. ಪಳಗಿದವರಿಗೂ ಆಗುತ್ತದೆ. ಹಿಮ್ಮಡಿ ಕೆಳಗೆ ಇಳಿಸಿ ಮೊಣಕಾಲು ನೇರ ಮಾಡಿದರೆ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು, ಹೆದರಿದವರು ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ಇಳಿಜಾರು ಬಂಡೆಯಲ್ಲಿ ಎದೆ ಒಳಗೆ ಹೋದಷ್ಟೂ ಪಾದದ ಮೇಲಿನ ಭಾರ ತಪ್ಪುತ್ತದೆ, ಬೂಟು ಜಾರುತ್ತದೆ. ಸೊಂಟ ಹೊರಗೆ, ಭಾರ ನೇರ ಪಾದದ ಮೇಲೆ. ಅಳಿಯನಿಗೆ ಹೇಳಬೇಕಾದದ್ದು ಇದು.

ಹತ್ತಿರ ಹೋಗಿ, ಮೆಲ್ಲಗೆ, ಒಂದು ಸಲಕ್ಕೆ ಒಂದೇ ಮಾತು ಹೇಳಿ. "ಬಲಗಾಲಿನ ಬೂಟು ನೋಡು. ಅದರ ಎಡಕ್ಕ ಒಂದು ಗೇಣು ತೆಳಗ ಅಂಗೈಯಷ್ಟು ಮೆಟ್ಟು ಐತಿ. ಎಡಗಾಲು ಅಲ್ಲಿ ಇಡು." ಕಾಲಿಟ್ಟ ಕೂಡಲೇ ಬೂಟಿನ ಮೂತಿಯನ್ನು ನಿಮ್ಮ ಅಂಗೈಯಿಂದ ಕಲ್ಲಿಗೆ ಒತ್ತಿ ಹಿಡಿಯಿರಿ. ಆ ಒತ್ತು ಸಿಕ್ಕಿದ್ದೇ ಉಸಿರು ಕೆಳಗಿಳಿಯುವುದು ಕಾಣುತ್ತದೆ. "ಇನ್ನೇನು ಬಂತು, ತುದಿ ಇಲ್ಲೇ" ಎಂಬ ಸುಳ್ಳು ಬೇಡ. ಗುರಿ ತುದಿಯಲ್ಲ, ಕೂರಲು ಆಗುವ ಹತ್ತಿರದ ಕಟ್ಟೆ. ಅಲ್ಲಿ ನೀರು, ಒಂದು ತುಂಡು ಬೆಲ್ಲ, ಐದು ನಿಮಿಷ. ದಾರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಹೀಗಾದರೆ ತಿರುಗಿ ಬನ್ನಿ, ಮುಂದೆ ಹಗುರಾಗುವುದಿಲ್ಲ. ಮೊಣಕಾಲಗಲದ ಬೆನ್ನು ಬಂದರೆ ನಿಂತೇ ದಾಟಬೇಕೆಂದೇನಿಲ್ಲ. ಕುದುರೆ ಏರಿದ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು, ಕೈಯೂರಿ, ಕುಂಡೆ ಜರುಗಿಸುತ್ತ ಹೋದರೂ ಅದು ಏರಿದ್ದೇ. ಆಲ್ಪ್ಸಿನಲ್ಲೂ ಹಾಗೇ ಹೋಗುತ್ತಾರೆ. ಪ್ಯಾಂಟು ಹರಿಯುತ್ತದೆ, ಅಷ್ಟೇ.

ನಕಾಶೆ ನೋಡಿದರೆ ದಾರಿ 4 ಕಿಲೋಮೀಟರ್, ಏರು 300 ಮೀಟರ್. ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದಲ್ಲ?
ಜಮಖಂಡಿಯ ಓದುಗರು

ರಾತ್ರಿ ಊಟಕ್ಕೆ ಬನ್ನಿ. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹಾಕಿಕೊಟ್ಟ ಲೆಕ್ಕವನ್ನೇ ಇಂದಿಗೂ ಬಳಸುತ್ತಾರೆ. ಇಂದಿನ ಅಳತೆಯಲ್ಲಿ ಹೇಳುವುದಾದರೆ 5 ಕಿಲೋಮೀಟರಿಗೆ ಒಂದು ತಾಸು, 600 ಮೀಟರ್ ಏರಿಗೆ ಮತ್ತೊಂದು ತಾಸು. ನಿಮ್ಮ ದಾರಿಗೆ 48 ನಿಮಿಷ ಮತ್ತು 30 ನಿಮಿಷ, ಒಟ್ಟು 1 ತಾಸು 18 ನಿಮಿಷ. ಆದರೆ ಅದು ಗಟ್ಟಿಮುಟ್ಟಾದವರು ಕಾಲುದಾರಿಯಲ್ಲಿ ನಿಲ್ಲದೆ ನಡೆದರೆ. ಹೊಸಬರೊಂದಿಗೆ ಬಂಡೆಸಾಲಿನ ಮೇಲೆ ಅದನ್ನು ಎರಡರಷ್ಟು ಮಾಡಿ. ಹಗ್ಗ ಹಾಕಬೇಕಾದ ತುಂಡು ಒಂದೊಂದಕ್ಕೂ 20 ನಿಮಿಷ ಸೇರಿಸಿ. ನಾಲ್ಕು ತುಂಡು ಇದ್ದರೆ ಒಟ್ಟು ನಾಲ್ಕು ತಾಸು, ಏರಲು ಮಾತ್ರ. ಅದೇ ದಾರಿಯಲ್ಲಿ ಇಳಿಯಲು ಅದಕ್ಕಿಂತ ಕಡಿಮೆ ಹಿಡಿಯಬೇಡಿ.

ಡಿಸೆಂಬರಿನಲ್ಲಿ ನಮ್ಮಲ್ಲಿ ಆರರ ಹೊತ್ತಿಗೆ ಹೊತ್ತು ಮುಳುಗುತ್ತದೆ. ಮುಂಜಾನೆ ಆರೂವರೆ ಏಳಕ್ಕೆ ಬುಡ ಬಿಡಬೇಕು, 12ಕ್ಕೆ ಎಲ್ಲಿದ್ದರೂ ತಿರುಗಬೇಕು. ಈ 12 ಗಂಟೆಯ ಮಾತನ್ನು ಮನೆಯಲ್ಲೇ ಇಬ್ಬರೂ ಒಪ್ಪಿಕೊಂಡು ಬನ್ನಿ. ಮೇಲೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ. ಇಬ್ಬರಿಗೂ ತಲೆಗೆ ಕಟ್ಟುವ ಟಾರ್ಚು ಇರಲಿ, ಮೊಬೈಲಿನ ಬೆಳಕು ಒಂದು ಕೈ ತಿನ್ನುತ್ತದೆ.

ನಮ್ಮ ಜಿಲ್ಲೆಯಲ್ಲಿ ಅಂಥ ಗುಡ್ಡವೇ ಇಲ್ಲ. ತಂಗಿಯನ್ನು ಜನವರಿಯಲ್ಲಿ ಕರೆದೊಯ್ಯಬೇಕು. ತಯಾರಿ ಹೇಗೆ?
ವಿಜಯಪುರದ ಓದುಗರು

ಗುಡ್ಡ ಇಲ್ಲದಿದ್ದರೇನು, ಮೆಟ್ಟಿಲಿವೆಯಲ್ಲ. ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ಸೋಲುತ್ತದೆ. ಜಾರುವುದು ತೊಡೆ ಸೋತಾಗ. ಆದ್ದರಿಂದ ಇಳಿಯುವುದನ್ನೇ ಅಭ್ಯಾಸ ಮಾಡಬೇಕು. ವಾರಕ್ಕೆ ಮೂರು ದಿನದಂತೆ ನಾಲ್ಕು ವಾರ, ಬೆನ್ನಿಗೆ 5 ಕಿಲೋ ಚೀಲ ಹಾಕಿಕೊಂಡು, ಒಂದೊಂದು ಮೆಟ್ಟಿಲನ್ನೂ ಮೂರು ಎಣಿಸುತ್ತ ನಿಧಾನ ಇಳಿಯಲಿ. ಮೊಣಕಾಲು ಒಳಗೆ ವಾಲಬಾರದು, ಪಾದದ ನೇರಕ್ಕೇ ಬಾಗಬೇಕು.

ಎತ್ತರದ ಅಂಜಿಕೆ ಎಷ್ಟಿದೆ ಎಂದು ತಿಳಿಯಲು ನಿಮ್ಮೂರಿನ ಉಪ್ಲಿ ಬುರುಜಿಗಿಂತ ಬೇರೆ ಬೇಕೇ? 1584ರ ಈ ಬುರುಜು ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಗಡೆಯಿಂದಲೇ ಸುತ್ತಿಕೊಂಡು ಏರುತ್ತವೆ. ತಂಗಿ ಏರುವಾಗ ನೋಡಬೇಡಿ, ಇಳಿಯುವಾಗ ನೋಡಿ. ಮಾತಾಡುತ್ತ ಇಳಿದರೆ ಚಿಂತೆಯಿಲ್ಲ. ಗೋಡೆಗೆ ಭುಜ ಒತ್ತಿ, ಒಂದೇ ಕಾಲು ಮುಂದಿಟ್ಟು ಇನ್ನೊಂದನ್ನು ಜೋಡಿಸುತ್ತ ಬಂದರೆ ಇನ್ನೆರಡು ಸಲ ಕರೆದೊಯ್ಯಿರಿ. ಗೋಲಗುಮ್ಮಟದ ಏಳಂತಸ್ತಿನ ಮಿನಾರಿನ ಮೆಟ್ಟಿಲು ಕಾಲಿಗೆ ಒಳ್ಳೆಯ ಕಸರತ್ತು, ಆದರೆ ಸುತ್ತ ಗೋಡೆ ಇರುವುದರಿಂದ ಅಂಜಿಕೆಯ ಪರೀಕ್ಷೆ ಅಲ್ಲಿ ಆಗದು. ಎರಡೂ ಸ್ಮಾರಕಗಳು. ಮೆಟ್ಟಿಲು ಬಿಟ್ಟು ಗೋಡೆಗೆ ಕೈ ಹಾಕುವ ಉಮೇದು ಬೇಡ.

ಮಗ ಇಂಗ್ಲೆಂಡಿನಲ್ಲಿದ್ದಾನೆ. ವೇಲ್ಸಿನಲ್ಲಿ 'ಗ್ರೇಡ್ 1' ಗುಡ್ಡ ಏರುತ್ತೇನೆ ಎನ್ನುತ್ತಾನೆ. ಒಂದು ಎಂದರೆ ಸುಲಭವೇ?
ನಿಪ್ಪಾಣಿಯ ಓದುಗರು

ಅಲ್ಲಿ ಇಂಥ ಏರುಗಳಿಗೆ 1, 2, 3 ಎಂಬ ದರ್ಜೆ ಇದೆ. ಒಂದರಲ್ಲಿ ಕೈ ಬೇಕು, ರೂಢಿ ಇದ್ದವರಿಗೆ ಹಗ್ಗ ಬೇಡ. ಎರಡರಲ್ಲಿ ಹೊಸಬರಿಗೆ ಹಗ್ಗ ಬೇಕಾದೀತು. ಮೂರರಲ್ಲಿ ಕೆಲವು ಕಡೆ ಎಲ್ಲರಿಗೂ ಬೇಕು. ಆದರೆ ದರ್ಜೆ ಹೇಳುವುದು ಏರು ಎಷ್ಟು ಕಷ್ಟ ಎಂದು, ಬಿದ್ದರೆ ಏನಾದೀತು ಎಂದಲ್ಲ. 923 ಮೀಟರಿನ ಕ್ರಿಬ್ ಗಾಕ್ ಬೆಟ್ಟದ ಬೆನ್ನು ಗ್ರೇಡ್ 1, ಕತ್ತಿಯ ಅಲಗಿನಂಥ ಜಾಗ, ಜಾರಿದವರು ಸತ್ತದ್ದೂ ಇದೆ. ಗಾಳಿಯಿಲ್ಲದ, ಒಣ ದಿನ ನೋಡಿ ಹೋಗಲಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಅದೇ ದಾರಿಗೆ ಹಿಮಗೊಡಲಿ, ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳಾದ ಕ್ರ್ಯಾಂಪನ್ ಬೇಕು. ಆಗ ಅದು ಗ್ರೇಡ್ 1 ಆಗಿ ಉಳಿಯುವುದಿಲ್ಲ.

ಬಾದಾಮಿಯ ಕಲ್ಲು ಮಳೆಯಲ್ಲಿ ಮೆತ್ತಗಾಗುತ್ತದೆ ಎನ್ನುತ್ತಾರೆ. ಕಲ್ಲು ಮೆತ್ತಗಾಗುವುದುಂಟೇ?
ಬಾದಾಮಿಯ ಓದುಗರು

ಉಂಟು. ನಿಮ್ಮದು ಮರಳುಗಲ್ಲು. ಮರಳಿನ ಕಣಗಳನ್ನು ಹಿಡಿದಿಟ್ಟ ಅಂಟು ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ. ಹೊರಮೈ ಬಿಸಿಲಿಗೆ ಒಂದು ತಾಸಿನಲ್ಲಿ ಒಣಗಿ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಜೋರು ಮಳೆಯಾದರೆ ಎರಡು ಮೂರು ದಿನ ಬಿಡಿ. ಬುಡದ ಮಣ್ಣನ್ನು ಒಂದು ಬೆರಳು ಆಳ ಕೆದರಿ, ಒಳಗೆ ಹಸಿ ಇದ್ದರೆ ಕಲ್ಲೂ ಹಸಿ ಎಂದೇ ತಿಳಿಯಿರಿ.

ಒಣಗಿದಾಗಲೂ ಈ ಕಲ್ಲಿಗೆ ಅದರದೇ ನಡತೆ. ಪದರ ಪದರವಾಗಿ ಕೂತಿರುವುದರಿಂದ ಕಪಾಟಿನ ಹಲಗೆಯಂಥ ಅಂಚುಗಳು ಚೆನ್ನಾಗಿ ಸಿಗುತ್ತವೆ, ಹೊಸಬರು ಖುಷಿಯಿಂದ ಹಿಡಿದು ತಮ್ಮ ಕಡೆಗೆ ಜಗ್ಗುತ್ತಾರೆ. ಹಲಗೆ ಕಪಾಟಿನಿಂದ ಹೊರಬರುವುದು ಹಾಗೆಯೇ! ಅಂಚನ್ನು ಕೆಳಮುಖವಾಗಿ ಒತ್ತಬೇಕು, ಹೊರಗೆ ಎಳೆಯಬಾರದು. ಮುಷ್ಟಿಯಿಂದ ತಟ್ಟಿ ನೋಡಿಯೇ ಭಾರ ಹಾಕಬೇಕು. ಕಲ್ಲು ಕಿತ್ತರೆ ಚಿಕ್ಕದಿದ್ದರೂ "ಕಲ್ಲು!" ಎಂದು ಕೂಗಲೇಬೇಕು. ಕೆಳಗಿದ್ದವರು ಮೇಲೆ ನೋಡದೆ ಬಂಡೆಗೆ ಒತ್ತಿ ನಿಲ್ಲಬೇಕು. ಕಟ್ಟೆಗಳ ಮೇಲೆ ಉದುರಿದ ಮರಳು ಬೂಟಿನಡಿ ರಾಗಿ ಕಾಳಿನ ಹಾಗೆ ಉರುಳುತ್ತದೆ. ಇಳಿಜಾರಿಗೆ ಕಾಲಿಡುವ ಮುನ್ನ ಬೂಟಿನ ತಳವನ್ನು ಇನ್ನೊಂದು ಕಾಲಿನ ಪ್ಯಾಂಟಿಗೆ ತಿಕ್ಕಿಕೊಳ್ಳಿ. ದಪ್ಪ ಫೋಮಿನ ಓಟದ ಬೂಟಿಗಿಂತ ತೆಳು ರಬ್ಬರಿನ ಗಟ್ಟಿ ತಳವೇ ಮೇಲು.

ಮೇಣಬಸದಿ, ಶಿವಾಲಯ, ಕೋಟೆಗಳಿರುವ ಬಂಡೆ ಸಂರಕ್ಷಿತ ಸ್ಮಾರಕ, ಅಲ್ಲಿ ಹತ್ತುವಂತಿಲ್ಲ. ಬೇರೆ ಬಂಡೆಗಳಿಗೇನು ಬರವೇ.

ಹೆಜ್ಜೇನಿನ ಹುಟ್ಟು ದಾರಿಯಲ್ಲಿದ್ದರೆ?
ಗುಳೇದಗುಡ್ಡದ ಓದುಗರು

ಆ ದಾರಿ ಬಿಡಬೇಕು, ಇದರಲ್ಲಿ ಎರಡು ಮಾತಿಲ್ಲ. ಹಗ್ಗಕ್ಕೆ ಕಟ್ಟಿಕೊಂಡವರು ಓಡಲಾರರು. ಹಿಂದಿನ ದಿನ ಬುಡದಿಂದ ದುರ್ಬೀನಿನಲ್ಲಿ ಬಂಡೆಯ ಚಾಚಿನ ಅಡಿ ನೋಡಿ. ಹುಟ್ಟು ಬಿಟ್ಟು ಹೋದ ಜಾಗದಲ್ಲಿ ಕಪ್ಪು ಅರ್ಧಚಂದ್ರದ ಕಲೆ ಉಳಿದಿರುತ್ತದೆ. ಅವು ಅದೇ ಜಾಗಕ್ಕೆ ಮರಳುವುದುಂಟು. ಸೆಂಟು, ಬೀಡಿ ಹೊಗೆ, ಕೂಗಾಟ, ಕಲ್ಲೆಸೆತ ಯಾವುದೂ ಬೇಡ.

ಎದ್ದೇಬಿಟ್ಟರೆ ಕೈಬೀಸಿ ಹೊಡೆಯಬೇಡಿ. ಸಾಯುವ ನೊಣದ ವಾಸನೆಗೆ ಇನ್ನಷ್ಟು ಬರುತ್ತವೆ. ಮುಖ, ಕತ್ತು ಬಟ್ಟೆಯಿಂದ ಮುಚ್ಚಿ, ಕಾಲೂರಲು ಭದ್ರ ದಾರಿಯಿದ್ದರೆ ದೂರ ಓಡಿ. ಇಲ್ಲದಿದ್ದರೆ ಮುಖ ಮುಚ್ಚಿಕೊಂಡು ಬಂಡೆಗೆ ಒರಗಿ ಕೂರಿ. ನೀರಿಗೆ ಜಿಗಿದರೆ ನೀವು ತಲೆ ಎತ್ತುವವರೆಗೆ ಅವು ಮೇಲೇ ಕಾಯುತ್ತವೆ. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಬಾಯಿ, ನಾಲಿಗೆ ಬಾತರೆ, ಮೈತುಂಬ ದದ್ದು ಎದ್ದರೆ, ಉಸಿರು ಕಟ್ಟಿದರೆ, ಹತ್ತಾರು ಕಡೆ ಕಚ್ಚಿದ್ದರೆ ಮನೆಮದ್ದಿನ ಮಾತೇ ಬೇಡ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ.

ಮಳೆಗಾಲದ ಹಸಿರಿನಲ್ಲೇ ಖಾನಾಪುರ ಕಡೆ ಹೋಗೋಣ ಎಂದು ಗೆಳತಿಯರು ಹಟ ಹಿಡಿದಿದ್ದಾರೆ.
ಬೆಳಗಾವಿಯ ಓದುಗರು

ಕಾಲುದಾರಿಯಲ್ಲಿ ನಡೆದು ನೋಡಿ ಬನ್ನಿ, ಬಂಡೆಸಾಲು ಬೇಡ. ಆ ಕಡೆಯ ಕರಿಗಲ್ಲಿಗೆ ಪಾಚಿ ಹಿಡಿದರೆ ಸಾಬೂನಿಗಿಂತ ಜಾರು. ನೆತ್ತಿಯ ಜಂಬಿಟ್ಟಿಗೆ ನೆನೆದು ಮುಟ್ಟಿದಲ್ಲಿ ಪುಡಿಯಾಗುತ್ತದೆ. ಮಂಜು ಕವಿದರೆ ಹತ್ತು ಹೆಜ್ಜೆ ಮುಂದೆ ಕಮರಿ ಇದ್ದರೂ ತಿಳಿಯದು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು, ಆದರೆ ಆಗ ಒಣಗಿ ಮಲಗಿದ ಹುಲ್ಲು ಜಾರುತ್ತದೆ, ಮುರಮಿನ ಇಳಿಜಾರಿನಲ್ಲಿ ಹಿಮ್ಮಡಿ ಊರಿ ಇಳಿಯಬೇಕು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಬೆನ್ನೇರಿದವರಿಗೆ ಎಲ್ಲಕ್ಕಿಂತ ಕೆಟ್ಟದ್ದು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಬೆನ್ನು ಬಿಟ್ಟು ಇಳಿಯಲೇಬೇಕು. ಭೀಮಗಡ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ.

ಬುತ್ತಿಗೆ ಖಡಕ್ ರೊಟ್ಟಿ ಆಗುತ್ತದೆಯೇ, ಪೇಟೆಯ ಎನರ್ಜಿ ಬಾರ್ ಬೇಕೇ?
ಇಳಕಲ್ಲಿನ ಓದುಗರು

ರೊಟ್ಟಿ, ಶೇಂಗಾ ಚಟ್ನಿ ಇಳಿದು ಬಂದ ಮೇಲೆ ಕೂತು ತಿನ್ನಲಿಕ್ಕೆ. ಬೆನ್ನಿನ ಮೇಲೆ ಒಂದು ಕೈಯಲ್ಲಿ ತಿನ್ನುವಂಥದ್ದು ಬೇಕು: ಶೇಂಗಾ ಹೋಳಿಗೆ, ಚಿಕ್ಕಿ, ಖರ್ಜೂರ. ತಾಸಿಗೊಮ್ಮೆ ಒಂದು ತುಂಡು. ಹಸಿವು ಗೊತ್ತಾದ ಮೇಲೆ ತಿಂದರೆ ತಡವಾಯಿತು. ನೀರು ತಲೆಗೆ 3ರಿಂದ 4 ಲೀಟರ್, ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಪೊಟ್ಟಣ ಒಂದು. ಪೊಟ್ಟಣ ಇಲ್ಲದಿದ್ದರೆ ಲೀಟರಿಗೆ ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಮಚ, ಎರಡೂ ಮಟ್ಟಸ. ಬಾದಾಮಿಯಲ್ಲಾದರೆ ಪ್ಲಾಸ್ಟಿಕ್ ಚೀಲ ಸರಗುಟ್ಟಿಸಬೇಡಿ. ಆ ಸದ್ದಿಗೆ ಮಂಗ್ಯಾಗಳು ಎಲ್ಲಿದ್ದರೂ ಹಾಜರು, ಚೀಲದ ಜೊತೆ ನಿಮ್ಮ ಕಾಲೂ ತಪ್ಪೀತು.

ಹಗ್ಗಕ್ಕೆ ಕೆಂಪು ಮರಳು ಹತ್ತಿದೆ. ಒಗೆಯಬಹುದೇ?
ಹುನಗುಂದದ ಓದುಗರು

ಒಗೆಯಲೇಬೇಕು, ಮರಳಿನ ಕಣ ಒಳಗೆ ಸೇರಿ ಎಳೆಗಳನ್ನು ಕೊಯ್ಯುತ್ತದೆ. ಬಕೆಟ್ಟಿನಲ್ಲಿ ತಣ್ಣೀರು, ಸೌಮ್ಯ ಸಾಬೂನು ಸ್ವಲ್ಪ. ಬ್ಲೀಚು, ಬಿಸಿನೀರು, ಕಲ್ಲಿಗೆ ಬಡಿಯುವುದು ಬೇಡ. ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಿನಲ್ಲಿ ಸಡಿಲ ಹರವಿ ಒಣಗಿಸಿ. ಇನ್ವರ್ಟರ್ ಬ್ಯಾಟರಿ ಇರುವ ಮೂಲೆಯಲ್ಲಿ ಮಾತ್ರ ಇಡಬೇಡಿ. ಆಸಿಡ್ಡಿನ ಹಬೆ ತಾಗಿದ ಹಗ್ಗ ನೋಡಲು ಹೊಸದರಂತೆಯೇ ಇದ್ದು ಭಾರ ಬಿದ್ದಾಗ ಕಿತ್ತುಹೋಗುತ್ತದೆ. ಪ್ರತಿ ಸಲ ಸುತ್ತುವಾಗ ಬೆರಳ ನಡುವೆ ಎಳೆಯುತ್ತ ಹೋಗಿ. ಎಲ್ಲಿಯಾದರೂ ಚಪ್ಪಟೆ, ಗಂಟು, ಇಲ್ಲವೇ ಮೆತ್ತಗಿನ ಜಾಗ ಸಿಕ್ಕರೆ, ಹೊರಕವಚ ಹರಿದು ಬಿಳಿ ಎಳೆ ಕಂಡರೆ, ಅಂದಿಗೆ ಅದರ ಕೆಲಸ ಮುಗಿಯಿತು. ಒಮ್ಮೆಯೂ ಬಳಸದಿದ್ದರೂ 10 ವರ್ಷ ದಾಟಿಸಬೇಡಿ. ಬಿಸಾಡುವ ಮುನ್ನ ಎರಡೆರಡು ಮೀಟರಿನ ತುಂಡು ಮಾಡಿ. ಇಡೀ ಹಗ್ಗ ಬಿಟ್ಟರೆ ಯಾರಾದರೂ ಅದನ್ನೇ ಗುಡ್ಡಕ್ಕೆ ಒಯ್ಯುತ್ತಾರೆ. ತುಂಡು ಎಮ್ಮೆ ಕಟ್ಟಲು ಚಲೋ ಬರುತ್ತದೆ.